ದೀಕ್ಷೆಗೆ ಹದಿನೆಂಟು ದಿನ ಇದ್ದಾಗ

ನಮ್ಮ ಕ್ರೈಸ್ತ ಸಭೆಯಲ್ಲಿ ಕರ್ತನ ಭೋಜನ ವರ್ಷಕ್ಕೆ ನಾಲ್ಕೇ ಸಲ. ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ, ಅಷ್ಟೇ. ಆದರೆ ಅದು ಸಿಗಬೇಕಾದರೆ ಕೈಯಲ್ಲಿ ಬಿಲ್ಲೆ ಇರಬೇಕು. ಹೆಬ್ಬೆರಳಿನ ಉಗುರಿನಷ್ಟು ಅಗಲದ ಹಿತ್ತಾಳೆ ಬಿಲ್ಲೆ. ಮಿಷನರಿಗಳ ಕಾಲದ್ದು, ಮೇಲಿನ ಅಕ್ಷರವೆಲ್ಲ ಸವೆದುಹೋಗಿದೆ. ಭೋಜನದ ಭಾನುವಾರಕ್ಕೆ ಮುಂಚಿನ ಗುರುವಾರ ಸಭೆಯ ಹಿರಿಯರು ಮನೆಮನೆಗೆ ಹೋಗಿ ಕೂತು ಮೂರು ಪ್ರಶ್ನೆ ಕೇಳುತ್ತಾರೆ. ನಂಬಿಕೆ ಇದೆಯಾ, ಮಾಡಿದ ತಪ್ಪಿಗೆ ಪಶ್ಚಾತ್ತಾಪ ಇದೆಯಾ, ಯಾರ ಮೇಲಾದರೂ ದ್ವೇಷ ಇಟ್ಟುಕೊಂಡಿದ್ದೀರಾ. ಉತ್ತರ ಸರಿ ಅನ್ನಿಸಿದರೆ ಬಿಲ್ಲೆ ಕೊಡುತ್ತಾರೆ. ಭಾನುವಾರ ಆ ಬಿಲ್ಲೆ ವಾಪಸ್ ಕೊಟ್ಟವರಿಗೆ ಮಾತ್ರ ರೊಟ್ಟಿ. ಬೇರೆ ಪ್ರೆಸ್ಬಿಟೇರಿಯನ್ ಸಭೆಗಳು ಈ ಪದ್ಧತಿಯನ್ನು ಯಾವತ್ತೋ ಕೈಬಿಟ್ಟವಂತೆ. ತುಮಕೂರು, ಗುಬ್ಬಿ, ಕುಣಿಗಲ್ಲು ಮೂರೂ ಕಡೆ ಸೇರಿಸಿದರೂ ಒಂದು ಕಲ್ಯಾಣ ಮಂಟಪ ತುಂಬದಷ್ಟು ಜನ ನಾವು, ಆದರೆ ಬಿಲ್ಲೆ ಮಾತ್ರ ಬಿಟ್ಟಿಲ್ಲ.

ಆ ಸಲ ಕುಣಿಗಲ್ ಕಡೆಯ ಮನೆಗಳಿಗೆ ಬಿಲ್ಲೆ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಾನಾಗ ದೀಕ್ಷೆ ಪಡೆದು ಸಭಾಪಾಲಕಿ, ಅಂದರೆ ಪಾಸ್ಟರ್, ಆಗಬೇಕಿದ್ದ ಅಭ್ಯರ್ಥಿ. ಮೂರು ವರ್ಷ ಸೆಮಿನರಿಯಲ್ಲಿ ದೇವಶಾಸ್ತ್ರ ಓದಿ ಮುಗಿಸಿ, ತುಮಕೂರಿನ ಸಭಾಪಾಲಕರ ಕೈಕೆಳಗೆ ಎರಡನೇ ವರ್ಷದ ತರಬೇತಿಯಲ್ಲಿದ್ದೆ. ದೀಕ್ಷೆ ಆಗದವರು ಪ್ರಸಂಗ ಮಾಡಬಹುದು, ಬಿಲ್ಲೆ ಕೊಡಬಹುದು, ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥಿಸಬಹುದು. ಆದರೆ ರೊಟ್ಟಿ ಮುರಿದು ಕೊಡುವಂತಿಲ್ಲ. ಅದು ದೀಕ್ಷೆ ಪಡೆದವರ ಕೈಯಿಂದಲೇ ಆಗಬೇಕು. ಇದಕ್ಕೂ ಮೊದಲು ಹನ್ನೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ ಅನ್ನೋದನ್ನು ಹೇಳದೆ ವಿಧಿಯಿಲ್ಲ, ಯಾಕೆಂದರೆ ಮುಂದೆ ನಡೆದಿದ್ದಕ್ಕೆ ಆ ಕೊಬ್ಬೂ ಒಂದು ಕಾರಣ. ಟಿಕೆಟ್ ಇಲ್ಲದೆ ಕೂತಿದ್ದ ನನ್ನ ಸ್ವಂತ ಚಿಕ್ಕಪ್ಪನನ್ನೇ ಹೆಬ್ಬೂರಿನಲ್ಲಿ ಇಳಿಸಿದವಳು ನಾನು. ಅದನ್ನು ಸೆಮಿನರಿಯಲ್ಲಿ ಎಲ್ಲರಿಗೂ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಕುಣಿಗಲ್ ಸಭೆಯ ಹಿರಿಯರು ರಿಟೈರ್ಡ್ ಮೇಷ್ಟ್ರು. ಗುರುವಾರ ನನ್ನ ಜೊತೆ ಅವರೂ ಬಂದರು. ಪೇಟೆಯ ಮನೆಗಳನ್ನು ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಹುಲಿಯೂರುದುರ್ಗಕ್ಕೆ ಹೋದೆವು. ಅಲ್ಲಿ ನಮ್ಮವರದ್ದು ಇರೋದೇ ಒಂದು ಮನೆ. ಬೆಟ್ಟದ ಬುಡಕ್ಕೆ, ಶೀಟ್ ಹಾಕಿದ ಎರಡು ಕೋಣೆ.

ಬೀದಿಯ ತಿರುವಿನಲ್ಲಿ ಮೇಷ್ಟ್ರು ನಿಂತರು. "ನೋಡಮ್ಮ, ಇಲ್ಲಿ ಮೂರನೇ ಪ್ರಶ್ನೆ ಸ್ವಲ್ಪ ಬೇಗ ಕೇಳ್ಬಿಡು. ಉತ್ತರಕ್ಕೆ ಕಾಯ್ಬೇಡ."

"ಯಾಕೆ ಮೇಷ್ಟ್ರೇ?"

"ಅತ್ತೆ ಸೊಸೆ ಇಬ್ರೇ ಇರೋದು. ಮಗ ಹೋದಾಗಿಂದ ಅತ್ತೆ ಸೊಸೆ ಹತ್ರ ಮಾತು ಬಿಟ್ಟಿದಾಳೆ. ಮೂರು ವರ್ಷ ಆಯ್ತು. ನಾನು ಹೆಂಗೋ ಕೊಟ್ಕೊಂಡ್ ಬಂದಿದೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಹಿರಿಯರೇ ಹೀಗೆ ಕಣ್ಣು ಮುಚ್ಚಿಕೊಂಡು ಕೊಟ್ಟರೆ ಪ್ರಶ್ನೆ ಕೇಳೋದಾದರೂ ಯಾಕೆ? ಬಾಯಿಬಿಟ್ಟು ಏನೂ ಅನ್ನಲಿಲ್ಲ. ವರ್ಷದಿಂದ ಮಂಡಿ ನೋವಿದ್ದರೂ ಆ ಮನುಷ್ಯ ನನ್ನ ಜೊತೆ ಅಷ್ಟು ದೂರ ಬಂದಿದ್ದರು.

ಅಜ್ಜಿ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನೋಡಿದ ತಕ್ಷಣ ನನಗೆ ಕಂಡಿದ್ದು ಎರಡು ಒಲೆ. ಒಳಗೆ ಸೊಸೆಯ ಗ್ಯಾಸ್ ಸ್ಟೌವು, ಜಗಲಿಯ ಮೂಲೆಯಲ್ಲಿ ಮೂರು ಕಲ್ಲಿಟ್ಟು ಅಜ್ಜಿ ಬೇಯಿಸಿಕೊಳ್ಳುವ ಸೌದೆ ಒಲೆ. ಅಜ್ಜಿ ನಮ್ಮನ್ನು ನೋಡಿ ಮೊರ ಪಕ್ಕಕ್ಕಿಟ್ಟು, ಕೈ ತೊಳೆದುಕೊಂಡು, ತಲೆ ಮೇಲೆ ಸೆರಗು ಹೊದ್ದು ಕೂತರು. ಮೊದಲ ಎರಡು ಪ್ರಶ್ನೆಗೆ ಚೆನ್ನಾಗಿಯೇ ಉತ್ತರ ಹೇಳಿದರು. ಮೂರನೆಯದನ್ನು ನಾನು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಕೇಳಿದೆ. ಮೇಷ್ಟ್ರು ಕೆಮ್ಮಿದರು.

"ಅದೆ ಕಣವ್ವ," ಅಂದರು ಅಜ್ಜಿ. "ದೇವ್ರ ಮಾತು ಕೇಳ್ತಿದೀಯ, ಸುಳ್ಯಾಕ್ ಹೇಳ್ಲಿ? ಒಳಗವ್ಳಲ್ಲ, ಅವಳ ಮ್ಯಾಲೆ ಅದೆ. ನನ್ ಮಗನ್ಗೆ ಕಾಮಾಲೆ ಬಂದ್ರೆ ಆಸ್ಪತ್ರೆಗೆ ಹಾಕ್ದೆ ನಾಟಿ ಔಷ್ದಿ ಕುಡಿಸ್ಕೊಂಡು ಕೂತ್ಲು. ಎಂಟು ದಿನ. ಕೊನೆಗೆ ಕಣ್ಣು ಅರಿಶಿನದಂಗಾಗಿ ಹೋದ."

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಕ್ಷಮಿಸೋಕೆ ಆಗುತ್ತಾ ಅಜ್ಜಿ?"

"ಆಗಕಿಲ್ಲ."

ಅಜ್ಜಿ ಆಗಲೇ ಅಂಗೈ ಚಾಚಿದ್ದರು. ಮೂರು ವರ್ಷದ ಅಭ್ಯಾಸ, ಪ್ರಶ್ನೆ ಮುಗಿದರೆ ಬಿಲ್ಲೆ ಬರುತ್ತೆ. ನಾನು ಬ್ಯಾಗಿನಿಂದ ತೆಗೆದಿದ್ದ ಬಿಲ್ಲೆಯನ್ನು ವಾಪಸ್ ಬ್ಯಾಗಿಗೆ ಹಾಕಿದೆ. "ಹಂಗಾದ್ರೆ ಈ ಸಲ ಬೇಡ ಅಜ್ಜಿ. ಮನಸ್ಸು ಸರಿ ಮಾಡ್ಕೊಳ್ಳಿ. ಮುಂದಿನ ಸಲ ನಾನೇ ತಂದು ಕೊಡ್ತೀನಿ."

"ಮುಂದಿನ್ ಸಲ ಅಂದ್ರೆ ಯಾವಾಗ್ ಬತ್ತದೆ?"

"ಮೂರು ತಿಂಗಳು."

ಅಜ್ಜಿ ಚಾಚಿದ ಕೈಯನ್ನು ಒಂದು ಗಳಿಗೆ ನೋಡಿ, ಮಡಚಿ, ಸೆರಗಿಗೆ ಒರೆಸಿಕೊಂಡರು. "ಆಗ್ಲಿ ಬುಡವ್ವ," ಅಂದರು. ಜಗಳ ಆಡಿದ್ದರೆ ನನಗೆ ಸಲೀಸಾಗುತ್ತಿತ್ತು. ಜಗಳ ಆಡುವ ಪ್ಯಾಸೆಂಜರುಗಳನ್ನು ನಾನು ಬೇಕಾದಷ್ಟು ಕಂಡಿದ್ದೆ.

ಒಳಗೆ ಹೋಗಿ ಸೊಸೆಗೂ ಮೂರು ಪ್ರಶ್ನೆ ಕೇಳಿದೆ. ಅಂಗನವಾಡಿಯಲ್ಲಿ ಅಡುಗೆ ಕೆಲಸ ಮಾಡುವ ಹೆಂಗಸು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಯಾರ ಮೇಲೂ ದ್ವೇಷ ಇಲ್ಲ ಅಂದಳು. ನಾನು ಬಿಲ್ಲೆ ಕೊಡಲು ಹೋದೆ. ಅವಳು ಕೈಯನ್ನು ಹಿಂದಕ್ಕಿಟ್ಟುಕೊಂಡಳು. "ಅತ್ತೆಗೆ ಇಲ್ಲ ಅಂದ್ಮ್ಯಾಲೆ ನಂಗ್ಯಾಕೆ ಮೇಡಂ. ಬ್ಯಾಡ."

ವಾಪಸ್ ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಅರ್ಧ ದಾರಿ ಮಂಡಿ ನೀವಿಕೊಳ್ಳುತ್ತಾ ಕೂತಿದ್ದರು. ಆಮೇಲೆ, "ನೀನು ಕಂಡಕ್ಟರ್ ಕೆಲ್ಸ ಇನ್ನೂ ಬಿಟ್ಟಿಲ್ಲ ಕಣಮ್ಮ," ಅಂದರು. ನನಗೆ ಸಿಟ್ಟು ಬಂತು. ನಿಯಮ ನಾನು ಬರೆದದ್ದಾ? ತರಬೇತಿಯ ವರದಿಯಲ್ಲಿ ನಡೆದಿದ್ದನ್ನೆಲ್ಲ ಬರೆದೆ. ಸಭಾಪಾಲಕರು ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ರೈಟ್ ಹಾಕಿ ಕಳಿಸಿದರು. ಹತ್ತಿರ ಹತ್ತಿರ ಎರಡು ತಿಂಗಳು ಆ ರೈಟ್ ಗುರುತು ನೋಡಿದಾಗಲೆಲ್ಲ ಖುಷಿಪಟ್ಟಿದ್ದೇನೆ, ಈಗ ಹೇಳೋಕೆ ನಾಚಿಕೆಯಾಗುತ್ತೆ.

ಆ ಎರಡು ತಿಂಗಳು ಮರಳೂರಿನ ನನ್ನ ಬಾಡಿಗೆ ಮನೆಯಲ್ಲಿ ಪುಸ್ತಕ ಬಿಟ್ಟು ಬೇರೆ ಏನೂ ಇರಲಿಲ್ಲ. ದೀಕ್ಷೆಗೆ ಮುಂಚೆ ಪ್ರೆಸ್ಬಿಟರಿ ಪರೀಕ್ಷೆ ಮಾಡುತ್ತದೆ. ಪ್ರೆಸ್ಬಿಟರಿ ಅಂದರೆ ಮೂರೂ ಊರಿನ ಹಿರಿಯರು, ಅಕ್ಕಪಕ್ಕದ ಸಭಾಪಾಲಕರು ಸೇರಿದ ಕೂಟ. ಲಿಖಿತ ಪರೀಕ್ಷೆ, ಒಂದು ಪ್ರಸಂಗ, ಆಮೇಲೆ ಎದುರಿಗೆ ಕೂರಿಸಿಕೊಂಡು ಪ್ರಶ್ನೆ, ಕೊನೆಗೆ ಕೈ ಎತ್ತಿಸಿ ಮತ. ಬಸ್ಸಿಗೆ ಚೆಕಿಂಗ್‌ನವರು ಹತ್ತಿದ ಹಾಗೆ ಅಂದುಕೊಂಡು ಧೈರ್ಯ ತಂದುಕೊಳ್ಳುತ್ತಿದ್ದೆ. ಲಿಖಿತ ಪರೀಕ್ಷೆ ಮೊದಲೇ ಮುಗಿದಿತ್ತು. ಭೋಜನದಂಥ ಸಂಸ್ಕಾರಗಳನ್ನು ನಡೆಸುವ ಅಧಿಕಾರ ಯಾರಿಗೆ, ಯಾಕೆ ಅನ್ನುವ ಪ್ರಶ್ನೆಗೆ ನಾಲ್ಕು ಪುಟ ಬರೆದಿದ್ದೆ. ಆ ಉತ್ತರ ಎಲ್ಲಕ್ಕಿಂತ ಚೆನ್ನಾಗಿದೆ ಅಂತ ಹೇಳಿ ಕಳಿಸಿದ್ದರು.

ಭಯ ಇದ್ದಿದ್ದು ಬೇರೆಯದರ ಬಗ್ಗೆ. ಇಲ್ಲಿ ದೀಕ್ಷೆಗೆ ಬಂದ ಮೊದಲ ಹೆಂಗಸು ನಾನು. ಹೆಂಗಸಿನ ಕೈಯಿಂದ ಭೋಜನ ತಗೋಳೋದಾ ಅಂತ ಒಂದಿಬ್ಬರು ಹಿರಿಯರು ನನ್ನ ಕಿವಿಗೆ ಬೀಳುವ ಹಾಗೇ ಮಾತಾಡಿದ್ದರು. "ಒಂದು ದೂರು ಸಾಕಮ್ಮ," ಅಂತ ಸಭಾಪಾಲಕರು ಎಚ್ಚರಿಸಿದ್ದರು. "ಯಾರಾದ್ರೂ ಒಂದು ಕಾಗದ ಬರೆದ್ರೆ ನಿನ್ನ ಫೈಲು ಮುಚ್ಚಿಡ್ತಾರೆ. ಆಮೇಲೆ ತೆಗೆಯೋರು ಯಾರು?" ನನಗೆ ನಲವತ್ತೊಂದು. ಪರ್ಮನೆಂಟ್ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ಹಿಂದಕ್ಕೆ ಹೋಗಲು ದಾರಿ ಇರಲಿಲ್ಲ.

ದೀಕ್ಷೆ ಒಂದು ಭಾನುವಾರ ಅಂತ ಗೊತ್ತಾಗಿತ್ತು. ಅದಕ್ಕೆ ಹದಿನೆಂಟು ದಿನ ಮುಂಚೆ, ಬುಧವಾರ ಬೆಳಿಗ್ಗೆ ಎಂಟೂವರೆಗೆ ಫೋನ್ ಬಂತು. ಹುಲಿಯೂರುದುರ್ಗದ ಸೊಸೆ.

"ಮೇಡಂ, ಅತ್ತೆಗೆ ಉಸ್ರು ಎಳೀತಾ ಅದೆ. ಎಲ್ಡು ದಿನ ಆಸ್ಪತ್ರೇಲಿದ್ರು, ನೆನ್ನೆ ಮನೆಗೆ ಕರ್ಕೊಂಡೋಗಿ ಅಂತ ಕಳ್ಸಿಬುಟ್ರು. ಭೋಜನ ಬೇಕು ಅಂತವ್ರೆ. ರಾತ್ರಿಯಿಂದ ಅದೊಂದೇ ಮಾತು."

ಸಭಾಪಾಲಕರಿಗೆ ಫೋನ್ ಮಾಡಿದೆ. ಅವರು ಗುಬ್ಬಿಯಲ್ಲಿದ್ದರು, ಹನ್ನೊಂದಕ್ಕೆ ಮದುವೆ ಮಾಡಿಸಬೇಕಿತ್ತು. "ತಾಳಿ ಕಟ್ಟಿಸಿ ಹಂಗೇ ಹೊರಡ್ತೀನಿ, ಊಟಕ್ಕೂ ನಿಲ್ಲಲ್ಲ. ನೀನು ಕುಣಿಗಲ್ಲಿಂದ ಪೆಟ್ಟಿಗೆ ತಗೊಂಡು ಮುಂದೆ ಹೋಗು. ಎಲ್ಲಾ ರೆಡಿ ಮಾಡಿಟ್ಟಿರು. ನಾನು ಬಂದ ತಕ್ಷಣ ಶುರು ಮಾಡೋಣ."

ಕುಣಿಗಲ್ ಬಸ್ಸಿನ ಕಂಡಕ್ಟರ್ ನನ್ನ ಹಳೇ ಡಿಪೋದವನು. "ಏನಕ್ಕಾ, ಸ್ವಾಮಿಗಳಾಗ್ಬಿಟ್ರಾ?" ಅಂತ ರೇಗಿಸಿದ.

"ಇನ್ನೂ ಹದಿನೆಂಟು ದಿನ ಇದೆ ಕಣೋ," ಅಂದೆ. ನಗಲೂ ನಕ್ಕೆ. ಹೆಬ್ಬೂರಿನಲ್ಲಿ ಹತ್ತು ನಿಮಿಷ ಬಸ್ಸು ನಿಂತಿದ್ದಕ್ಕೆ ಮಾತ್ರ ಅವನ ಮೇಲೆ ಕೂಗಾಡಿಬಿಟ್ಟೆ.

ಕಾಯಿಲೆಯವರಿಗಾಗಿ ಒಂದು ಸಣ್ಣ ಮರದ ಪೆಟ್ಟಿಗೆ ಇದೆ. ಅದರಲ್ಲಿ ಅಂಗೈಯಗಲದ ಬೆಳ್ಳಿ ತಟ್ಟೆ, ಒಂದು ಪುಟ್ಟ ಲೋಟ, ಬಿಳಿ ಬಟ್ಟೆ. ಮೇಷ್ಟ್ರು ಅದನ್ನು ಒರೆಸಿ ಇಟ್ಟಿದ್ದರು. ಒಣದ್ರಾಕ್ಷಿ ಕುದಿಸಿ ಸೋಸಿದ ರಸವನ್ನು ಔಷಧಿ ಬಾಟಲಿಗೆ ತುಂಬಿಸಿ ಕೊಟ್ಟರು. ಮಂಡಿ ಊದಿಕೊಂಡಿದ್ದರಿಂದ ಅವರು ಬರುವ ಹಾಗಿರಲಿಲ್ಲ. ಗೇಟಿನ ತನಕ ಬಂದು ಕೇಳಿದರು.

"ಪಾಸ್ಟ್ರು ಹೊತ್ತಿಗೆ ಸರಿಯಾಗಿ ಬರ್ದೇ ಹೋದ್ರೆ?"

"ಬರ್ತಾರೆ ಮೇಷ್ಟ್ರೇ."

"ಬರ್ದೇ ಹೋದ್ರೆ ನೀನೇನ್ ಮಾಡ್ತೀಯ ಅಂತ ಕೇಳ್ದೆ."

"ಬಸ್ ಹೋಗುತ್ತೆ, ಬರ್ತೀನಿ," ಅಂದು ಹೊರಟೆ. ದಾರಿಯಲ್ಲಿ ಬೇಕರಿಯಲ್ಲಿ ಬ್ರೆಡ್ ತಗೊಂಡೆ.

ಹನ್ನೊಂದೂಮುಕ್ಕಾಲಿಗೆ ಆ ಮನೆ ತಲುಪಿದೆ. ಅಜ್ಜಿಯನ್ನು ಒಳಗೆ ಸೊಸೆಯ ಮಂಚದ ಮೇಲೆ ಮಲಗಿಸಿದ್ದರು. ಎದೆ ಏರಿ ಇಳಿಯುವುದು ಬಾಗಿಲಿನಿಂದಲೇ ಕಾಣುತ್ತಿತ್ತು. ನಾನು ಕಾಲು ತೊಳೆದುಕೊಂಡು ಬಂದು, ಮಂಚದ ಪಕ್ಕ ಒಂದು ಸ್ಟೂಲು ಎಳೆದು, ಬಿಳಿ ಬಟ್ಟೆ ಹಾಸಿದೆ. ಬ್ರೆಡ್ಡಿನ ಅಂಚು ತೆಗೆದು, ಒಂದು ತುಂಡನ್ನು ತಟ್ಟೆಯಲ್ಲಿಟ್ಟೆ. ಲೋಟಕ್ಕೆ ರಸ ಬಗ್ಗಿಸಿದೆ. ಹೇಳಿದಂತೆ ಎಲ್ಲಾ ರೆಡಿ ಮಾಡಿದೆ. ಆಮೇಲೆ ಕೂತು ಕಾಯಿಲೆಯವರಿಗೆ ಹೇಳುವ ಪ್ರಾರ್ಥನೆ ಹೇಳಿದೆ.

ಅಜ್ಜಿ ಕಣ್ಣು ಬಿಟ್ಟು ಸ್ಟೂಲನ್ನು ನೋಡಿದರು. ಆಮೇಲೆ, "ಅವಳನ್ನ ಕರಿ," ಅಂದರು.

ಸೊಸೆ ಬಾಗಿಲಲ್ಲೇ ಇದ್ದಳು. ಬಂದು ನೆಲದ ಮೇಲೆ ಕೂತಳು. ಅಜ್ಜಿ ಒಂದು ಮಾತಾಡಿ, ಉಸಿರು ಎಳೆದುಕೊಂಡು, ಇನ್ನೊಂದು ಮಾತಾಡುತ್ತಿದ್ದರು. "ನಾನೇ ಕಣೇ ಕಳ್ಸಿದ್ದು. ನಾಟಿ ಔಷ್ದಿಯೋನ್ತಾವ ಹೋಗ್ರಿ ಅಂತ... ಹೇಳಿದ್ದೇ ನಾನು. ಆಸ್ಪತ್ರೆ ಬ್ಯಾಡ ಅಂದಿದ್ದೂ ನಾನೇ. ನಿನ್ ತಲೆ ಮ್ಯಾಲೆ ಹಾಕ್ಬುಟ್ಟೆ."

"ಗೊತ್ತು ಬುಡಿ ಅತ್ತೆ," ಅಂದಳು ಸೊಸೆ. "ನಂಗ್ ಗೊತ್ತಿಲ್ವಾ? ಕರ್ಕೊಂಡ್ ಹೋಗಿದ್ದು ನಾನೇ ಅಲ್ವಾ."

"ಮತ್ಯಾಕೆ ಒಂದ್ ಮಾತೂ ಆಡ್ಲಿಲ್ಲ? ಮೂರ್ ವರ್ಷ?"

"ಆಡಿದ್ರೆ ನೀವು ಬದುಕ್ತಿದ್ರಾ?"

ಅಜ್ಜಿಯ ಕೈ ಹಾಸಿಗೆಯ ಮೇಲೆ ತಡಕಾಡಿತು. ಸೊಸೆ ಆ ಕೈ ಹಿಡಿದು, ಅದಕ್ಕೆ ಹಣೆಯಿಟ್ಟು ಅತ್ತಳು. ನಾನೂ ಅತ್ತುಬಿಟ್ಟೆ. ಮೂರು ವರ್ಷ ಒಂದೇ ಸೂರಿನ ಕೆಳಗೆ, ಮಾಡದ ತಪ್ಪನ್ನು ತಲೆ ಮೇಲೆ ಹೊತ್ತುಕೊಂಡು, ಆ ಮುದುಕಿಗೆ ಸತ್ಯ ತಡೆದುಕೊಳ್ಳೋಕೆ ಆಗಲ್ಲ ಅಂತ ಸುಮ್ಮನಿದ್ದಾಳೆ ಈ ಹೆಣ್ಣುಮಗಳು. ಆವತ್ತು ಇವರಿಬ್ಬರ ಮುಂದೆ ಬ್ಯಾಗಿಗೆ ಬಿಲ್ಲೆ ಹಾಕಿಕೊಂಡು ಎದ್ದು ಹೋದವಳು ನಾನು.

ಸೊಸೆ ರಾಗಿ ಗಂಜಿ ತಂದು ಚಮಚದಲ್ಲಿ ಎರಡು ಸಲ ಕುಡಿಸಿದಳು. ಮೂರನೆಯ ಚಮಚವನ್ನು ಅಜ್ಜಿ ಕೈಯಿಂದ ತಳ್ಳಿ ಸ್ಟೂಲಿನ ಕಡೆ ನೋಡಿದರು.

"ಈಗ ಕೊಡವ್ವ."

"ಪಾಸ್ಟ್ರು ಬರ್ತಾ ಇದಾರೆ ಅಜ್ಜಿ. ಇನ್ನೇನು ಬಂದ್ಬಿಡ್ತಾರೆ."

"ನೀನೂ ಪಾಸ್ಟ್ರೇ ಅಲ್ವಾ?"

"ಇನ್ನೂ ಇಲ್ಲ ಅಜ್ಜಿ."

"ಯಾವಾಗ್ ಆಯ್ತೀಯ?"

"ಇನ್ನು ಹದಿನೆಂಟು ದಿನ."

ಅಜ್ಜಿ ಸ್ವಲ್ಪ ಹೊತ್ತು ಉಸಿರಾಡಿದರು. "ಹದಿನೆಂಟ್ ದಿನ ನಾನಿರಕಿಲ್ಲ ಕಣವ್ವ," ಅಂದರು.

ಹೊರಗೆ ಬಂದು ಸಭಾಪಾಲಕರಿಗೆ ಫೋನ್ ಮಾಡಿದೆ. ಒಂದು ಗಂಟೆಯಾಗಿತ್ತು. ಹೆಣ್ಣಿನ ಕಡೆಯವರು ತಡವಾಗಿ ಬಂದು ಮದುವೆ ಈಗ ತಾನೇ ಮುಗಿಯಿತು, ಕಾರು ಹತ್ತುತ್ತಿದ್ದೇನೆ ಅಂದರು. ಗುಬ್ಬಿಯಿಂದ ತುಮಕೂರು, ಅಲ್ಲಿಂದ ಕುಣಿಗಲ್ಲು, ಅಲ್ಲಿಂದ ದುರ್ಗ. ನನಗೆ ಹೇಳಿಕೊಡಬೇಕಾ ಆ ದಾರಿ? ಎರಡು ಗಂಟೆಗೆ ಕಡಿಮೆ ಇಲ್ಲ.

"ಅಯ್ಯನವರೇ, ಅಷ್ಟು ಹೊತ್ತು ತಡೆಯಲ್ಲ ಅನ್ಸುತ್ತೆ. ನೀವು ಫೋನಲ್ಲೇ ಪ್ರಾರ್ಥನೆ ಹೇಳಿ. ಸ್ಪೀಕರ್ ಹಾಕಿ ಪಕ್ಕದಲ್ಲಿ ಇಡ್ತೀನಿ. ನಾನು ಬರೀ ಬಾಯಿಗಿಡ್ತೀನಿ ಅಷ್ಟೇ."

ಕಾರಿನ ಬಾಗಿಲು ಹಾಕಿದ ಸದ್ದು ಕೇಳಿಸಿತು. "ಹಂಗೆಲ್ಲ ಆಗಲ್ಲಮ್ಮ. ಅಂಥದ್ದು ಮಾಡಿದ್ದೀವಿ ಅಂತ ಗೊತ್ತಾದ್ರೆ ನಿನ್ನ ದೀಕ್ಷೆ ಅಲ್ಲಿಗೇ ನಿಲ್ಲುತ್ತೆ. ನಾನೂ ಏನೂ ಮಾಡೋಕಾಗಲ್ಲ. ಭೋಜನ ಸಿಗದೇ ಇದ್ರೂ ದೇವರು ಅವರನ್ನ ಬಿಡಲ್ಲ ಅಂತ ಹೇಳು, ಅದು ನಿಜ. ನಾನು ಬರ್ತಾ ಇದೀನಿ. ನೀನು ಮಾತ್ರ ಕೊಡಬೇಡ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾಲ್ಕು ಪುಟ ಬರೆದವಳಿಗೆ ಅದು ಗೊತ್ತಿಲ್ಲವಾ? ನಾನು ಜಗಲಿಯ ಮೇಲೆ, ಅಜ್ಜಿಯ ಆರಿದ ಒಲೆಯ ಪಕ್ಕ ಕೂತೆ. ಒಳಗೆ ಹೋಗಿ ಕೊಟ್ಟುಬಿಡೋದಾ, ಬೇಡವಾ? ಅಲ್ಲಿರೋದು ನಾವು ಮೂವರೇ. ಆದರೆ ಅಕ್ಕಪಕ್ಕದವರು ಬಂದು ಹೋಗುತ್ತಿದ್ದರು, ಸೊಸೆ ನಾಳೆ ಯಾರಿಗಾದರೂ ಸಂತೋಷದಿಂದಲೇ ಹೇಳಿಬಿಡಬಹುದು. ಆ ಇಬ್ಬರು ಹಿರಿಯರ ಮುಖ ಕಣ್ಣ ಮುಂದೆ ಬಂತು. ಡಿಪೋದಲ್ಲಿ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿದ್ದು ನೆನಪಾಯಿತು. ಐದು ವರ್ಷ ನೆನಪಾಯಿತು. ದೇವರು ನೆನಪಾಗಲಿಲ್ಲ. ಇದನ್ನು ನಾನು ಆಮೇಲೆ ಎಷ್ಟು ಸಲ ತಿರುಗಿಸಿ ಮುರುಗಿಸಿ ನೋಡಿದ್ದೇನೆ, ಆ ಹತ್ತು ನಿಮಿಷದಲ್ಲಿ ದೇವರ ನೆನಪು ಒಂದು ಸಲವೂ ಬರಲಿಲ್ಲ.

ಕೊಡೋದು ಬೇಡ ಅಂತ ತೀರ್ಮಾನಿಸಿ ಒಳಗೆ ಹೋದೆ.

ಅಜ್ಜಿ ಇನ್ನೆರಡು ಸಲ ಕೇಳಿದರು. ಎರಡನೇ ಸಲ ಮಾತು ಹೊರಡಲಿಲ್ಲ, ಅಂಗೈ ಮಾತ್ರ ಚಾಚಿದರು, ಆವತ್ತು ಬಿಲ್ಲೆಗೆ ಚಾಚಿದ್ದ ಹಾಗೇ. ನಾನು ಆ ಕೈಯಲ್ಲಿ ನನ್ನ ಕೈಯಿಟ್ಟೆ. ಅದನ್ನು ಅವರು ಮೆಲ್ಲಗೆ ಸರಿಸಿ ಮತ್ತೆ ಅಂಗೈ ತೆರೆದರು. ಸೊಸೆ ನನ್ನನ್ನೇ ನೋಡುತ್ತಿದ್ದಳು. ನಾನು ಗಡಿಯಾರ ನೋಡಿದೆ. ಎರಡೂಮುಕ್ಕಾಲಿಗೆ ಅಜ್ಜಿಯ ಉಸಿರು ನಿಂತಿತು.

ಸಭಾಪಾಲಕರು ಬಂದಾಗ ಮೂರೂಕಾಲು ಆಗಿತ್ತು. ಮದುವೆಯ ಹೂವು ಇನ್ನೂ ಅವರ ಜೇಬಿನ ಮೇಲೆ ಸಿಕ್ಕಿಕೊಂಡೇ ಇತ್ತು. ಬಾಗಿಲಲ್ಲೇ ವಿಷಯ ತಿಳಿದು, ಹೂವು ತೆಗೆದು ಜೇಬಿಗೆ ಹಾಕಿಕೊಂಡು, ಒಳಗೆ ಹೋಗಿ ಮಂಡಿಯೂರಿ ಪ್ರಾರ್ಥಿಸಿದರು. ಎದ್ದಾಗ ಅವರ ಕಣ್ಣೂ ಒದ್ದೆಯಾಗಿತ್ತು. ನನ್ನ ಭುಜ ತಟ್ಟಿ ಮಣ್ಣಿನ ಏರ್ಪಾಡಿಗೆ ಫೋನ್ ಮಾಡಲು ಹೊರಗೆ ಹೋದರು.

ನಾನು ಪೆಟ್ಟಿಗೆಗೆ ಎಲ್ಲ ವಾಪಸ್ ಜೋಡಿಸುತ್ತಿದ್ದೆ. ಬ್ರೆಡ್ಡಿನ ತುಂಡು ಒಣಗಿ ಅಂಚು ಮೇಲಕ್ಕೆದ್ದಿತ್ತು. ಸೊಸೆ ಪಕ್ಕಕ್ಕೆ ಬಂದು ನಿಂತಳು.

"ಇದ್ನ ಏನ್ ಮಾಡ್ತೀರಾ ಮೇಡಂ?"

"ಏನೂ ಇಲ್ಲ. ಕಾಗೆಗೆ ಹಾಕಬಹುದು. ಇದಕ್ಕೆ ಇನ್ನೂ ಭೋಜನದ ಪ್ರಾರ್ಥನೆ ಆಗಿಲ್ಲ."

"ಅಂದ್ರೆ ಇದು ಬರೀ ಬ್ರೆಡ್ಡಾ?"

"ಹೂಂ. ಬರೀ ಬ್ರೆಡ್ಡು."

"ಬರೀ ಬ್ರೆಡ್ಡಾದ್ರೆ," ಅಂದಳು ಅವಳು, ಜಗಳದ ದನಿಯೇ ಅಲ್ಲ, ನಿಜವಾಗಿ ತಿಳಿದುಕೊಳ್ಳೋಕೆ ಕೇಳಿದ ಹಾಗೆ, "ಒಂದ್ ಚೂರು ಬಾಯಿಗೆ ಇಟ್ಟಿದ್ರೆ ಏನಾಗ್ತಿತ್ತು?"

ಪರೀಕ್ಷೆಯ ನಾಲ್ಕು ಪುಟದಲ್ಲೂ ಆ ಪ್ರಶ್ನೆ ಬಂದಿರಲಿಲ್ಲ. ಮರುದಿನ ಅಜ್ಜಿಯನ್ನು ಮಗನ ಪಕ್ಕದಲ್ಲೇ ಮಣ್ಣು ಮಾಡಿದೆವು. ಸೊಸೆ ನನ್ನ ಕೈಗೂ ಕಾಫಿ ಕೊಟ್ಟಳು, ಸಕ್ಕರೆ ಸಾಕಾ ಅಂತಲೂ ಕೇಳಿದಳು.

ಹದಿನೈದು ದಿನಕ್ಕೆ, ಶುಕ್ರವಾರ, ಗುಬ್ಬಿ ಸಭೆಯ ಹಾಲಿನಲ್ಲಿ ಪ್ರೆಸ್ಬಿಟರಿ ಕೂತಿತು. ಬೆಳಿಗ್ಗೆ ಪ್ರಸಂಗ ಮಾಡಿದೆ. ಚೆನ್ನಾಗಿಯೇ ಬಂತು, ಬಾಯಿ ತನ್ನ ಪಾಡಿಗೆ ತಾನು ಮಾತಾಡಿತು. ಮಧ್ಯಾಹ್ನ ಪ್ಲಾಸ್ಟಿಕ್ ಚೇರುಗಳನ್ನು ಅರ್ಧ ಸುತ್ತು ಹಾಕಿ, ನನ್ನನ್ನು ನಡುವೆ ಕೂರಿಸಿ ಪ್ರಶ್ನೆ ಶುರು ಮಾಡಿದರು. ಮೇಷ್ಟ್ರು ಮಂಡಿಗೆ ಬಟ್ಟೆ ಸುತ್ತಿಕೊಂಡು ಕೊನೆಯ ಚೇರಿನಲ್ಲಿದ್ದರು. ಎರಡು ಗಂಟೆ ಕೇಳಿದರು. ಕೊನೆಯಲ್ಲಿ ಪ್ರೆಸ್ಬಿಟರಿಯ ಅಧ್ಯಕ್ಷರು ಸಭಾಪಾಲಕರ ವರದಿ ಎತ್ತಿಕೊಂಡರು.

"ಹುಲಿಯೂರುದುರ್ಗದ ವಿಷಯ ಇಲ್ಲಿ ಬರೆದಿದ್ದಾರೆ. ಸಾಯ್ತಾ ಇರೋರು ಕೇಳಿದ್ರೂ, ಅಷ್ಟು ಒತ್ತಡ ಇದ್ರೂ, ಕ್ರಮ ಮೀರಲಿಲ್ಲ ಅಂತ. ಇದು ಸಣ್ಣ ವಿಷಯ ಅಲ್ಲ." ನನ್ನನ್ನು ವಿರೋಧಿಸುತ್ತಿದ್ದ ಆ ಇಬ್ಬರು ಹಿರಿಯರೂ ತಲೆಯಾಡಿಸಿದರು. ಅವರ ಮುಖದಲ್ಲಿ ನನ್ನ ಬಗ್ಗೆ ಮೆಚ್ಚುಗೆ ಕಂಡಿದ್ದು ಅದೇ ಮೊದಲು.

ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಆದರೆ ಆ ಮೆಚ್ಚುಗೆ ನನ್ನ ಕೈಲಿ ತಡೆಯೋಕೆ ಆಗಲಿಲ್ಲ.

"ಅದನ್ನ ಕ್ರಮ ಅಂತ ಕಾಪಾಡಿದ್ದಲ್ಲ ಸರ್," ಅಂದೆ. "ಹೆದರಿದೆ. ದೀಕ್ಷೆ ಕೈ ತಪ್ಪುತ್ತೆ ಅಂತ ಹೆದರಿ ಕೊಡಲಿಲ್ಲ. ದೀಕ್ಷೆಗೆ ಹದಿನೆಂಟು ದಿನ ಅಲ್ಲದೆ ಹದಿನೆಂಟು ತಿಂಗಳು ಇದ್ದಿದ್ರೆ ಕೊಟ್ಬಿಡ್ತಿದ್ದೆನೋ ಏನೋ. ಅದಕ್ಕೂ ಮುಂಚೆ ಬಿಲ್ಲೆ ಕೊಡದೆ ಬಂದಿದ್ದೂ ನಿಯಮಕ್ಕಲ್ಲ, ನನ್ನ ಜಂಭಕ್ಕೆ. ವರದಿಯಲ್ಲಿ ಇದನ್ನ ಒಳ್ಳೇದು ಅಂತ ಬರೀಬೇಡಿ."

ಅಧ್ಯಕ್ಷರು ವರದಿಯನ್ನು ಮಡಚಿಟ್ಟರು. ಆಮೇಲೆ, "ಹೊರಗೆ ಕೂತಿರಮ್ಮ," ಅಂದರು.

ಹೊರಗೆ ಹೊಂಗೆ ಮರದ ಕೆಳಗೆ ಮುಕ್ಕಾಲು ಗಂಟೆ ಕೂತಿದ್ದೆ. ಬೇಡ ಅಂದುಬಿಡಲಿ ಅಂತಲೂ ಅನ್ನಿಸಿತು, ಬೇಡ ಅಂದರೆ ಏನು ಗತಿ ಅಂತಲೂ ಅನ್ನಿಸಿತು. ಕರೆದಾಗ ಒಳಗೆ ಹೋದೆ. ಒಪ್ಪಿಗೆಯಾಗಿದೆ ಅಂದರು. ತಪ್ಪನ್ನು ತಾನೇ ಒಪ್ಪಿಕೊಂಡಿದ್ದು ಅಭ್ಯರ್ಥಿಯ ಪ್ರಾಮಾಣಿಕತೆ ತೋರಿಸುತ್ತದೆ ಅಂತ ಬರೆದುಕೊಂಡಿದ್ದರು. ಅದೂ ನನ್ನ ಲೆಕ್ಕಕ್ಕೇ ಜಮೆಯಾಯಿತು ನೋಡಿ! ಒಬ್ಬರು ಮಾತ್ರ ವಿರೋಧ.

ಗೇಟಿನ ಹತ್ತಿರ ಮೇಷ್ಟ್ರು ನನಗಾಗಿ ಕಾಯುತ್ತಿದ್ದರು. "ಬೇರೆಯೋರಿಂದ ಗೊತ್ತಾಗೋದು ಬೇಡ. ಬೇಡ ಅಂತ ಕೈ ಎತ್ತಿದ್ದು ನಾನೇ ಕಣಮ್ಮ."

"ಗೊತ್ತಾಯ್ತು ಮೇಷ್ಟ್ರೇ."

"ನಿನ್ ಮೇಲೆ ಸಿಟ್ಟಿಲ್ಲ. ಇನ್ನೊಂದ್ ವರ್ಷ ಆಗ್ಲಿ ಅನ್ನಿಸ್ತು, ಅಷ್ಟೇ." ನಾನು ಅವರ ಕೈ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ನಡೆಸಿಕೊಂಡು ಹೋದೆ. ಆ ದಿನ ಅಲ್ಲಿದ್ದವರಲ್ಲಿ ನನಗೆ ಹತ್ತಿರದವರು ಅಂತ ಅನ್ನಿಸಿದ್ದು ಅವರೊಬ್ಬರೇ.

ಭಾನುವಾರ ತುಮಕೂರಿನಲ್ಲಿ ದೀಕ್ಷೆಯಾಯಿತು. ಮಂಡಿಯೂರಿ ಕೂತವಳ ತಲೆಯ ಮೇಲೆ ಎಲ್ಲರೂ ಕೈಯಿಟ್ಟರು. ಎಷ್ಟು ಕೈ ಅಂತ ಗೊತ್ತಿಲ್ಲ, ಕತ್ತು ನೋಯುವಷ್ಟು ಭಾರವಿತ್ತು. ಐದು ವರ್ಷ ಆ ಗಳಿಗೆಯನ್ನು ಕನಸು ಕಂಡಿದ್ದೆ. ಎದ್ದಾಗ ಅಭಿನಂದನೆ ಹೇಳುವವರ ಸಾಲು ದೊಡ್ಡದಿತ್ತು.

ಅದಾಗಿ ಎರಡು ವಾರಕ್ಕೆ ಕುಣಿಗಲ್ಲಿನಲ್ಲಿ ಭೋಜನದ ಭಾನುವಾರ, ನಡೆಸಬೇಕಾದವಳು ನಾನು. ಗುರುವಾರ ಬಿಲ್ಲೆ ತಗೊಂಡು ದುರ್ಗಕ್ಕೆ ಒಬ್ಬಳೇ ಹೋದೆ. ಜಗಲಿಯ ಮೂಲೆಯ ಮೂರು ಕಲ್ಲು ಹಾಗೇ ಇತ್ತು, ಬೂದಿ ಗುಡಿಸಿತ್ತು. ಸೊಸೆ ಚಾಪೆ ಹಾಸಿದಳು. ಮೊದಲ ಎರಡು ಪ್ರಶ್ನೆ ಕೇಳಿದೆ. ಮೂರನೆಯದಕ್ಕೆ ಮುಂಚೆ ಬ್ಯಾಗಿನಲ್ಲಿ ಬಿಲ್ಲೆ ಹುಡುಕುತ್ತಾ ತಡಮಾಡಿದೆ. ಕೊನೆಗೂ ಕೇಳಿದೆ.

"ಯಾರ ಮ್ಯಾಲೂ ಇಲ್ಲ ಮೇಡಂ," ಅಂದಳು. ಅವಳು ಸುಳ್ಳು ಹೇಳುವವಳಲ್ಲ. ಬಿಲ್ಲೆ ಕೊಟ್ಟೆ, ತಗೊಂಡಳು.

ಭಾನುವಾರ ಬಂದಳು. ಬಾಗಿಲಲ್ಲಿ ಮೇಷ್ಟ್ರ ಕೈಗೆ ಬಿಲ್ಲೆ ಕೊಟ್ಟು, ಅಜ್ಜಿ ಯಾವಾಗಲೂ ಕೂರುತ್ತಿದ್ದ ಮೂರನೇ ಬೆಂಚಿನ ತುದಿಯಲ್ಲಿ ಕೂತಳು. ನಾನು ಮೇಜಿನ ಮುಂದೆ ನಿಂತು, ಇಷ್ಟು ದಿನ ಹೇಳುವ ಹಕ್ಕಿಲ್ಲದಿದ್ದ ಪ್ರಾರ್ಥನೆಯನ್ನು ಹೇಳಿದೆ. ರೊಟ್ಟಿ ಮುರಿದೆ. ನಮ್ಮಲ್ಲಿ ಸಭಾಪಾಲಕರೇ ತಟ್ಟೆ ಹಿಡಿದು ಬೆಂಚಿಂದ ಬೆಂಚಿಗೆ ಹೋಗುತ್ತಾರೆ. ಮೊದಲ ಬೆಂಚಾಯಿತು, ಎರಡನೆಯದಾಯಿತು. ಯಾರ ಮುಖವನ್ನೂ ನೋಡದೆ ಕೈಗಳನ್ನಷ್ಟೇ ನೋಡುತ್ತಾ ಕೊಡುತ್ತಿದ್ದೆ.

ಮೂರನೇ ಬೆಂಚಿನ ತುದಿಯಲ್ಲಿ ಕೈ ಚಾಚಿರಲಿಲ್ಲ. ಎರಡೂ ಕೈ ಮಡಿಲಲ್ಲಿ ಒಂದರ ಮೇಲೊಂದು ಇದ್ದವು.

"ತಗೋಮ್ಮ," ಅಂದೆ, ಅವಳಿಗೆ ಮಾತ್ರ ಕೇಳುವ ಹಾಗೆ.

ಅವಳು ತಲೆಯೆತ್ತಿ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಕೇಳಿದ್ದು ಅತ್ತೆ, ಮೇಡಂ," ಅಂದಳು. "ನಾನ್ ಕೇಳಿಲ್ಲ."